ಕ್ಲಾರಿನೆಟ್ ಪಾರ್ಟ್ ಬೇರೆ ಶ್ರುತಿಯಲ್ಲಿ ನುಡಿದಾಗ: ಸ್ವರಲಿಪಿ ತಂತ್ರಾಂಶದಲ್ಲಿ ದೋಷ ಪತ್ತೆ ಮತ್ತು ನಿವಾರಣೆ

ಸ್ವರಲಿಪಿ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಕ್ಲಾರಿನೆಟ್ ಪಾರ್ಟ್ (ಆ ವಾದ್ಯದವರು ಓದುವ ಪ್ರತ್ಯೇಕ ಹಾಳೆ) ಉಳಿದ ವಾದ್ಯಗಳೊಂದಿಗೆ ಕೂಡಿಕೊಳ್ಳದಿದ್ದಾಗ ಹೆಚ್ಚಿನವರು ಮೊದಲು ಕೈಹಾಕುವುದು, ಸ್ವರಗಳನ್ನೆಲ್ಲ ಒಂದೇ ಅಂತರದಲ್ಲಿ ಮೇಲೆ ಅಥವಾ ಕೆಳಗೆ ಸರಿಸುವ ಟ್ರಾನ್ಸ್‌ಪೋಸ್ ಆಜ್ಞೆಗೆ. ಒಂದು ಅರ್ಧಸ್ವರ ಕೆಳಗಿಳಿಸಿ ನೋಡುತ್ತಾರೆ, ಹೊಂದದಿದ್ದರೆ ಎರಡು ಅರ್ಧಸ್ವರ ಮೇಲೇರಿಸುತ್ತಾರೆ, ನಡುವೆ ವಾದ್ಯದ ಆಯ್ಕೆಯನ್ನೂ ಬದಲಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮೂಲ ದೋಷ ಯಾವುದು, ತಾವು ಸೇರಿಸಿದ ದೋಷ ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಈ ಬರಹದ ಉದ್ದೇಶ ಆ ಗೊಂದಲವನ್ನು ತಪ್ಪಿಸುವುದು. ಉದಾಹರಣೆಗಳನ್ನು ಮುಖ್ಯವಾಗಿ ಮ್ಯೂಸ್‌ಸ್ಕೋರ್ 4ರ ಆಧಾರದಲ್ಲಿ ಕೊಟ್ಟಿದ್ದೇನೆ, ಏಕೆಂದರೆ ಅದು ಉಚಿತವಾಗಿ ಸಿಗುತ್ತದೆ. ಸಿಬೆಲಿಯಸ್ ಮತ್ತು ಡೊರಿಕೊ ಎಂಬ ಇತರ ಸ್ವರಲಿಪಿ ತಂತ್ರಾಂಶಗಳಲ್ಲಿ ಗುಂಡಿಗಳ ಹೆಸರು ಬೇರೆಯಾದರೂ ದೋಷವನ್ನು ಹುಡುಕುವ ತರ್ಕ ಒಂದೇ.

ಕೆಲಸ ಶುರುಮಾಡುವ ಮುನ್ನ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ಟ್ರಾನ್ಸ್‌ಪೋಸ್ ಆಜ್ಞೆ ನಾದವನ್ನು ಬದಲಿಸುತ್ತದೆ. ಅದನ್ನು ಬಳಸಿದ ಮೇಲೆ ಕಂಪ್ಯೂಟರ್ ನುಡಿಸುವ ಸ್ವರವೇ ಬೇರೆ. ವಾದ್ಯದ ಆಯ್ಕೆ ಬರಹವನ್ನು ಬದಲಿಸುತ್ತದೆ. ಬಿ ಫ್ಲ್ಯಾಟ್ ಕ್ಲಾರಿನೆಟ್ ಇದ್ದ ಕಡೆ ಎ ಕ್ಲಾರಿನೆಟ್ ಎಂದು ಆರಿಸಿದರೆ ಮ್ಯೂಸ್‌ಸ್ಕೋರ್ ನಾದವನ್ನು ಹಾಗೆಯೇ ಉಳಿಸಿಕೊಂಡು, ಅದೇ ನಾದ ಹೊಸ ವಾದ್ಯದಲ್ಲಿ ಹೊರಡಲು ಏನನ್ನು ಬರೆಯಬೇಕೋ ಅದನ್ನು ಬರೆಯುತ್ತದೆ. ಪರದೆಯ ಕೆಳಂಚಿನ ಪಟ್ಟಿಯಲ್ಲಿರುವ ಕಾನ್ಸರ್ಟ್ ಪಿಚ್ ಗುಂಡಿ (ಒತ್ತಿದರೆ ಎಲ್ಲ ಸಾಲುಗಳೂ ಕೇಳುವ ಸ್ವರದಲ್ಲೇ ಕಾಣುತ್ತವೆ) ಇವೆರಡನ್ನೂ ಮುಟ್ಟದೆ ಪರದೆಯ ನೋಟವನ್ನಷ್ಟೇ ಬದಲಿಸುತ್ತದೆ. ನಾನು ಕಂಡಿರುವ ಕ್ಲಾರಿನೆಟ್ ದೋಷಗಳಲ್ಲಿ ಬಹುಪಾಲು, ಇವುಗಳಲ್ಲಿ ಒಂದನ್ನು ಮಾಡಬೇಕಾದ ಕಡೆ ಇನ್ನೊಂದನ್ನು ಮಾಡಿದ್ದರಿಂದ ಹುಟ್ಟಿದವು.

ಬರೆದ ಸ್ವರ ಮತ್ತು ಕೇಳುವ ಸ್ವರ

ಕರ್ನಾಟಕ ಸಂಗೀತ ಬಲ್ಲವರಿಗೆ ಕ್ಲಾರಿನೆಟ್ಟಿನ ಈ ಸ್ವಭಾವ ಹೊಸದಲ್ಲ. ಗಾಯಕರು ಒಂದು ಶ್ರುತಿಯಲ್ಲಿ ಹಾಡಿದರೂ ಆರೂವರೆ ಶ್ರುತಿಯಲ್ಲಿ ಹಾಡಿದರೂ ಷಡ್ಜವನ್ನು ಷಡ್ಜವೆಂದೇ ಕರೆಯುತ್ತಾರೆ. ಹಾಗೆಯೇ ಕ್ಲಾರಿನೆಟ್ ವಾದಕರು ಯಾವ ಅಳತೆಯ ವಾದ್ಯ ಹಿಡಿದರೂ ನಿರ್ದಿಷ್ಟ ಬೆರಳಿಡುವಿಕೆಗೆ ಒಂದೇ ಹೆಸರು ಕೊಡುತ್ತಾರೆ. ಅವರು ಸಿ ಎಂದು ಓದಿ ನುಡಿಸಿದಾಗ ಬಿ ಫ್ಲ್ಯಾಟ್ ವಾದ್ಯದಲ್ಲಿ ಆರೂವರೆ ಶ್ರುತಿಯ ಷಡ್ಜ ಕೇಳುತ್ತದೆ, ಎ ವಾದ್ಯದಲ್ಲಿ ಆರು ಶ್ರುತಿಯದು, ಸಿ ವಾದ್ಯದಲ್ಲಿ ಒಂದು ಶ್ರುತಿಯದು, ಚಿಕ್ಕದಾದ ಇ ಫ್ಲ್ಯಾಟ್ ವಾದ್ಯದಲ್ಲಿ ಎರಡೂವರೆ ಶ್ರುತಿಯದು. ಅಂತರದ ಲೆಕ್ಕದಲ್ಲಿ ಹೇಳುವುದಾದರೆ, ಬಿ ಫ್ಲ್ಯಾಟ್ ಕ್ಲಾರಿನೆಟ್ ಬರೆದದ್ದಕ್ಕಿಂತ 2 ಅರ್ಧಸ್ವರ ಕೆಳಗೆ, ಎ ಕ್ಲಾರಿನೆಟ್ 3 ಅರ್ಧಸ್ವರ ಕೆಳಗೆ, ಇ ಫ್ಲ್ಯಾಟ್ ಕ್ಲಾರಿನೆಟ್ 3 ಅರ್ಧಸ್ವರ ಮೇಲೆ ನುಡಿಯುತ್ತದೆ.

ಇದರಿಂದ ಕೀ ಸಿಗ್ನೇಚರ್ (ಸಾಲಿನ ಆರಂಭದಲ್ಲಿರುವ ಶಾರ್ಪ್ ಅಥವಾ ಫ್ಲ್ಯಾಟ್ ಚಿಹ್ನೆಗಳ ಗುಂಪು; ಶಾರ್ಪ್ ಸ್ವರವನ್ನು ಒಂದು ಅರ್ಧಸ್ವರ ಏರಿಸುತ್ತದೆ, ಫ್ಲ್ಯಾಟ್ ಇಳಿಸುತ್ತದೆ) ನೋಡಿದ ಮಾತ್ರಕ್ಕೆ ದೋಷ ಹಿಡಿಯುವ ದಾರಿ ಸಿಗುತ್ತದೆ. ಪಿಯಾನೊ ಅಥವಾ ಪಿಟೀಲಿನ ಸಾಲಿಗಿಂತ ಬಿ ಫ್ಲ್ಯಾಟ್ ಕ್ಲಾರಿನೆಟ್ ಸಾಲಿನಲ್ಲಿ 2 ಶಾರ್ಪ್ ಹೆಚ್ಚಿರಬೇಕು ಅಥವಾ 2 ಫ್ಲ್ಯಾಟ್ ಕಡಿಮೆಯಿರಬೇಕು. ಎ ಕ್ಲಾರಿನೆಟ್ ಸಾಲಿನಲ್ಲಿ 3 ಫ್ಲ್ಯಾಟ್ ಹೆಚ್ಚು ಅಥವಾ 3 ಶಾರ್ಪ್ ಕಡಿಮೆ. ಇ ಫ್ಲ್ಯಾಟ್ ಸಾಲಿನಲ್ಲಿ 3 ಶಾರ್ಪ್ ಹೆಚ್ಚು. ಪಿಯಾನೊ ಡಿ ಮೇಜರ್‌ನಲ್ಲಿ 2 ಶಾರ್ಪ್ ಹೊತ್ತಿದ್ದರೆ ಬಿ ಫ್ಲ್ಯಾಟ್ ಕ್ಲಾರಿನೆಟ್ಟಿಗೆ 4 ಶಾರ್ಪ್, ಎ ಕ್ಲಾರಿನೆಟ್ಟಿಗೆ 1 ಫ್ಲ್ಯಾಟ್, ಇ ಫ್ಲ್ಯಾಟ್ ಕ್ಲಾರಿನೆಟ್ಟಿಗೆ 5 ಶಾರ್ಪ್ ಬರಬೇಕು. ಕ್ಲಾರಿನೆಟ್ ಸಾಲಿಗೂ ಪಿಯಾನೊ ಸಾಲಿಗೂ ಒಂದೇ ಸಿಗ್ನೇಚರ್ ಕಾಣುತ್ತಿದ್ದರೆ ಕಾನ್ಸರ್ಟ್ ಪಿಚ್ ಗುಂಡಿ ಒತ್ತಿದ ಸ್ಥಿತಿಯಲ್ಲಿದೆ, ಅಥವಾ ಆ ಸಾಲಿಗೆ ಸಿ ಶ್ರುತಿಯ ವಾದ್ಯವೊಂದನ್ನು ಆರಿಸಲಾಗಿದೆ.

ತಂತ್ರಾಂಶವನ್ನು ದೂರುವ ಮುನ್ನ

ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಎಲ್ಲ ಪರೀಕ್ಷೆಯೂ ಆ ಪ್ರತಿಯ ಮೇಲೆಯೇ ನಡೆಯಲಿ.

ನಂತರ ಜೊತೆಗೆ ನುಡಿಸುವ ಎಲೆಕ್ಟ್ರಾನಿಕ್ ಕೀಬೋರ್ಡನ್ನು ನೋಡಿ. ನಮ್ಮ ಕಡೆ ಪಿಯಾನೊ ಇಲ್ಲದೆ ಕೀಬೋರ್ಡಿನಲ್ಲೇ ಅಭ್ಯಾಸ ಮಾಡುವುದು ಸಾಮಾನ್ಯ. ಅಂಥ ಕೀಬೋರ್ಡುಗಳಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದ್ದೇ ಇರುತ್ತದೆ, ಹಿಂದೆ ಬಳಸಿದವರು ಗಾಯಕರೊಬ್ಬರ ಶ್ರುತಿಗೆ ಹೊಂದಿಸಿ ಹಾಗೆಯೇ ಬಿಟ್ಟಿರಬಹುದು. ಅದು 0 ಎಂದು ತೋರಿಸದ ಹೊರತು ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ವಾದಕರ ಕೈಯಲ್ಲಿರುವ ವಾದ್ಯ ಯಾವುದೆಂದು ಖಚಿತಪಡಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಬಿ ಫ್ಲ್ಯಾಟ್ ಮತ್ತು ಎ ಕ್ಲಾರಿನೆಟ್ಟುಗಳು ನೋಡಲು ಬಹುಮಟ್ಟಿಗೆ ಒಂದೇ. ಎ ವಾದ್ಯ ತುಸು ಉದ್ದವಷ್ಟೇ. ಸಾಮಾನ್ಯವಾಗಿ ಕೊಳವೆಯ ಮೇಲೆ ವಾದ್ಯದ ಶ್ರುತಿಯ ಅಕ್ಷರವನ್ನು ಅಚ್ಚೊತ್ತಿರುತ್ತಾರೆ. ಅನುಮಾನವಿದ್ದರೆ ವಾದಕರಿಗೆ ತಮ್ಮ ಸಿ ನುಡಿಸಲು ಹೇಳಿ, ಮೊಬೈಲಿನ ಟ್ಯೂನರ್‌ನಲ್ಲಿ ನೋಡಿ. ಬಿ ಫ್ಲ್ಯಾಟ್ ಅಥವಾ ಎ ಶಾರ್ಪ್ ಎಂದು ತೋರಿಸಿದರೆ ಅದು ಬಿ ಫ್ಲ್ಯಾಟ್ ವಾದ್ಯ, ಎ ಎಂದು ತೋರಿಸಿದರೆ ಎ ವಾದ್ಯ. ಕೆಲವು ಟ್ಯೂನರ್‌ಗಳಲ್ಲಿಯೂ ವಾದ್ಯದ ಶ್ರುತಿ ಆರಿಸುವ ಸೌಲಭ್ಯವಿರುವುದರಿಂದ ಅದು ಸಿ ಎಂಬ ಸಾಧಾರಣ ಸ್ಥಿತಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ವ್ಯತ್ಯಾಸ ಒಂದು ಅರ್ಧಸ್ವರಕ್ಕಿಂತಲೂ ಕಡಿಮೆಯಿದ್ದರೆ ಅದು ಶ್ರುತಿಗೂಡಿಸುವ ವಿಷಯ. ಈ ಕೈಪಿಡಿ ಅದಕ್ಕೆ ಅನ್ವಯಿಸುವುದಿಲ್ಲ.

ಎರಡು ಕಿವಿಯ ಪರೀಕ್ಷೆ

ಈಗ ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ಕಂಪ್ಯೂಟರ್ ಇಡೀ ಸ್ಕೋರನ್ನು (ಎಲ್ಲ ವಾದ್ಯಗಳ ಸಾಲುಗಳಿರುವ ಪೂರ್ಣ ಬರಹವನ್ನು) ನುಡಿಸಿದಾಗ ಕ್ಲಾರಿನೆಟ್ ಉಳಿದ ವಾದ್ಯಗಳೊಂದಿಗೆ ಹೊಂದುತ್ತದೆಯೇ? ಮುದ್ರಿತ ಹಾಳೆ ನೋಡಿ ವಾದಕರು ನುಡಿಸಿದಾಗ ಹೊಂದುತ್ತದೆಯೇ? ಇಡೀ ಕೃತಿಯನ್ನು ನುಡಿಸಬೇಕಾಗಿಲ್ಲ. ಕ್ಲಾರಿನೆಟ್ ಒಂದು ದೀರ್ಘ ಸ್ವರವನ್ನು ಹಿಡಿದಿರುವ ಮಾತ್ರೆ (ಇಲ್ಲಿ ಮಾತ್ರೆ ಎಂದರೆ ಎರಡು ಅಡ್ಡಗೆರೆಗಳ ನಡುವಿನ ಭಾಗ, ಅಂದರೆ ಬಾರ್), ಅಥವಾ ಕೊನೆಯ ಸ್ವರಮೇಳ, ಇವುಗಳಲ್ಲಿ ಒಂದು ಸಾಕು. ವ್ಯತ್ಯಾಸವಿದ್ದರೆ ಎಷ್ಟು ಅರ್ಧಸ್ವರ, ಮೇಲೋ ಕೆಳಗೋ ಎಂಬುದನ್ನೂ ಬರೆದಿಟ್ಟುಕೊಳ್ಳಿ. ದೋಷದ ಮೂಲವನ್ನು ಹೇಳುವುದು ಆ ಅಂಕಿಯೇ.

ಕಂಪ್ಯೂಟರ್ ಸರಿಯಾಗಿ ನುಡಿಸಿ ವಾದಕರದ್ದು ಮಾತ್ರ ತಪ್ಪಾಗಿ ಕೇಳಿದರೆ ಕಡತದೊಳಗಿನ ನಾದ ಸರಿಯಿದೆ ಎಂದರ್ಥ. ಅಲ್ಲಿ ಟ್ರಾನ್ಸ್‌ಪೋಸ್ ಆಜ್ಞೆಯನ್ನು ಮುಟ್ಟಲೇಬಾರದು. ಬಿ ಫ್ಲ್ಯಾಟ್ ವಾದಕರು 2 ಅರ್ಧಸ್ವರ ಕೆಳಗೆ ಕೇಳಿಸಿದರೆ ಹಾಳೆ ಕಾನ್ಸರ್ಟ್ ನೋಟದಲ್ಲಿ ಮುದ್ರಣವಾಗಿದೆ: ಗುಂಡಿಯನ್ನು ಬಿಡಿಸಿ ಮತ್ತೆ ಮುದ್ರಿಸಿದರೆ ಸಾಕು. ಅವರು 1 ಅರ್ಧಸ್ವರ ಮೇಲೆ ಕೇಳಿಸಿದರೆ ಎ ಕ್ಲಾರಿನೆಟ್ಟಿನ ಹಾಳೆಯನ್ನು ಬಿ ಫ್ಲ್ಯಾಟ್ ವಾದ್ಯದಲ್ಲಿ ನುಡಿಸುತ್ತಿದ್ದಾರೆ: ವಾದ್ಯದ ಆಯ್ಕೆಯನ್ನು ಬಿ ಫ್ಲ್ಯಾಟ್‌ಗೆ ಬದಲಿಸಿ ಮುದ್ರಿಸಬೇಕು. 1 ಅರ್ಧಸ್ವರ ಕೆಳಗಿದ್ದರೆ ಇದರ ತಿರುವುಮುರುವು, ಅಂದರೆ ಬಿ ಫ್ಲ್ಯಾಟ್ ಹಾಳೆ ಎ ವಾದ್ಯದವರ ಮುಂದಿದೆ. ಇ ಫ್ಲ್ಯಾಟ್ ವಾದಕರು 3 ಅರ್ಧಸ್ವರ ಮೇಲೆ ಕೇಳಿಸಿದರೆ ಅವರ ಮುಂದಿರುವುದೂ ಕಾನ್ಸರ್ಟ್ ಹಾಳೆಯೇ.

ಕಂಪ್ಯೂಟರಿನದು ತಪ್ಪಾಗಿ, ವಾದಕರದ್ದು ಸರಿಯಾಗಿ ಕೇಳುವುದೂ ಉಂಟು. ಇದು ವಿಚಿತ್ರವಾಗಿ ಕಂಡರೂ ಕಾರಣ ಸರಳ. ಯಾರೋ ಕೊಳಲಿನ ಅಥವಾ ಪಿಯಾನೊದ ಸಾಲಿನಲ್ಲಿ ಕ್ಲಾರಿನೆಟ್ ಪಾರ್ಟನ್ನು ಕೈಯಿಂದಲೇ ಲೆಕ್ಕಹಾಕಿ 2 ಅರ್ಧಸ್ವರ ಮೇಲೆ ಬರೆದಿದ್ದಾರೆ. ಹಾಳೆ ಸರಿಯಿದೆ, ಆದರೆ ಅದು ಕ್ಲಾರಿನೆಟ್ಟಿನದೆಂದು ತಂತ್ರಾಂಶಕ್ಕೆ ತಿಳಿದಿಲ್ಲ. ಹಾಳೆ ಸರಿಯಿದೆಯಲ್ಲ ಎಂದು ಇಂಥ ಕಡತವನ್ನು ಹಾಗೆಯೇ ಬಿಡುವುದು ಒಳ್ಳೆಯದಲ್ಲ. ಮುಂದೆ ಎ ವಾದ್ಯದವರಿಗೋ ಸ್ಯಾಕ್ಸೋಫೋನ್ ವಾದಕರಿಗೋ ಅದೇ ಪಾರ್ಟ್ ಬೇಕಾದಾಗ ದೋಷ ಮರುಕಳಿಸುತ್ತದೆ.

ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಸ್ವರಗಳೇ ಸರಿದಿವೆ. 2 ಅರ್ಧಸ್ವರ ಮೇಲಿದ್ದರೆ ಒಂದೋ ಎರಡು ಬಾರಿ ಟ್ರಾನ್ಸ್‌ಪೋಸ್ ಆಗಿದೆ, ಇಲ್ಲವೇ ಕಾನ್ಸರ್ಟ್ ನೋಟ ಚಾಲ್ತಿಯಲ್ಲಿದ್ದಾಗ ಮುದ್ರಿತ ಬಿ ಫ್ಲ್ಯಾಟ್ ಹಾಳೆಯನ್ನು ನೋಡಿ ಸ್ವರಗಳನ್ನು ನಮೂದಿಸಲಾಗಿದೆ. ಈ ಎರಡನೆಯದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಮೂದಿಸುವಾಗ ಹಾಳೆಯಲ್ಲಿದ್ದದ್ದೂ ಪರದೆಯಲ್ಲಿದ್ದದ್ದೂ ಒಂದೇ ಆಗಿ ಕಾಣುವುದರಿಂದ ಅನುಮಾನವೇ ಬರುವುದಿಲ್ಲ. ಗುಂಡಿ ಬಿಡಿಸಿದ ಕ್ಷಣ 2 ಶಾರ್ಪ್ ಹೆಚ್ಚಾಗಿ ಕಾಣಿಸುತ್ತವೆ. ಎರಡೂ ತಪ್ಪಿದ್ದು ಪ್ರಮಾಣವೂ ಬೇರೆಬೇರೆಯಾಗಿದ್ದರೆ ಒಂದಕ್ಕಿಂತ ಹೆಚ್ಚು ದೋಷಗಳು ಸೇರಿಕೊಂಡಿವೆ. ಅಲ್ಲಿ ಮೊದಲು ಕಂಪ್ಯೂಟರಿನ ನಾದವನ್ನು ಸರಿಪಡಿಸಿ, ಆಮೇಲೆ ಹಾಳೆಯ ಕಡೆಗೆ ಬರಬೇಕು.

ನಾದ ಮೊದಲು, ಬರಹ ಆಮೇಲೆ ಎಂಬ ಈ ಕ್ರಮ ಎಲ್ಲ ಸಂದರ್ಭಗಳಿಗೂ ಸಲ್ಲುತ್ತದೆ.

ಒಂದು ದೋಷವನ್ನು ಕೊನೆಯವರೆಗೆ ಬಿಡಿಸಿ ನೋಡುವುದು

ಮೊಜಾರ್ಟ್ 1791ರಲ್ಲಿ ಕ್ಲಾರಿನೆಟ್ ವಾದಕ ಆಂಟನ್ ಸ್ಟಾಡ್ಲರ್‌ಗಾಗಿ ರಚಿಸಿದ ಕ್ಲಾರಿನೆಟ್ ಕಾನ್ಚೆರ್ಟೊ, ಕೆ. 622 (ಮೊಜಾರ್ಟ್ ಕೃತಿಪಟ್ಟಿಯ ಸಂಖ್ಯೆ), ಎ ಶ್ರುತಿಯ ವಾದ್ಯಕ್ಕೆ ಬರೆದದ್ದು. ಅದರ ನಿಧಾನಗತಿಯ ಎರಡನೆಯ ಭಾಗ ಕೇಳಲು ಡಿ ಮೇಜರ್, ಎ ಕ್ಲಾರಿನೆಟ್ಟಿನ ಹಾಳೆಯಲ್ಲಿ ಎಫ್ ಮೇಜರ್. ಆರಂಭದ ಮೂರು ಸ್ವರಗಳು ಹಾಳೆಯಲ್ಲಿ ಸಿ, ಎಫ್, ಎ ಎಂದಿದ್ದು ಎ, ಡಿ, ಎಫ್ ಶಾರ್ಪ್ ಎಂದು ಕೇಳಿಸುತ್ತವೆ. ಕಲಿಯುವವರಲ್ಲಿ ಹೆಚ್ಚಿನವರ ಬಳಿ ಇರುವುದು ಬಿ ಫ್ಲ್ಯಾಟ್ ವಾದ್ಯ ಒಂದೇ ಆದ್ದರಿಂದ ಈ ಭಾಗವನ್ನು ಅದಕ್ಕೆ ಒಗ್ಗಿಸುವ ಪ್ರಯತ್ನ ಅನೇಕರು ಮಾಡುತ್ತಾರೆ, ದೋಷವೂ ಇಲ್ಲೇ ಹುಟ್ಟುತ್ತದೆ.

ಪಿಯಾನೊ ಸಾಲನ್ನು ಡಿ ಮೇಜರ್‌ನಲ್ಲಿ ನಮೂದಿಸಿದ್ದಾರೆ, ಕ್ಲಾರಿನೆಟ್ ಸಾಲಿಗೆ ಬಿ ಫ್ಲ್ಯಾಟ್ ಕ್ಲಾರಿನೆಟ್ ಆರಿಸಿದ್ದಾರೆ, ಆಮೇಲೆ ಎ ಕ್ಲಾರಿನೆಟ್ಟಿನ ಹಳೆಯ ಮುದ್ರಿತ ಹಾಳೆ ನೋಡಿಕೊಂಡು ಎಫ್ ಮೇಜರ್ ಸಿಗ್ನೇಚರಿನೊಂದಿಗೆ ಸಿ, ಎಫ್, ಎ ಎಂದು ಇದ್ದದ್ದನ್ನು ಇದ್ದಂತೆ ಟೈಪ್ ಮಾಡಿದ್ದಾರೆ ಎಂದುಕೊಳ್ಳಿ. ಕಂಪ್ಯೂಟರ್ ಅದನ್ನು ಬಿ ಫ್ಲ್ಯಾಟ್, ಇ ಫ್ಲ್ಯಾಟ್, ಜಿ ಎಂದು ನುಡಿಸುತ್ತದೆ. ಪಿಯಾನೊ ಡಿ ಮೇಜರ್‌ನಲ್ಲಿ, ಕ್ಲಾರಿನೆಟ್ ಇ ಫ್ಲ್ಯಾಟ್ ಮೇಜರ್‌ನಲ್ಲಿ. ವ್ಯತ್ಯಾಸ 1 ಅರ್ಧಸ್ವರ, ಮೇಲಕ್ಕೆ. ಸಿಗ್ನೇಚರ್ ಲೆಕ್ಕವೂ ಇದನ್ನೇ ಹೇಳುತ್ತದೆ: 4 ಶಾರ್ಪ್ ಇರಬೇಕಾದ ಕಡೆ 1 ಫ್ಲ್ಯಾಟ್ ಇದೆ.

ಇಲ್ಲಿ ಸಹಜವಾಗಿ ತೋಚುವ ಪರಿಹಾರ ವಾದ್ಯದ ಆಯ್ಕೆಯನ್ನು ಎ ಕ್ಲಾರಿನೆಟ್ಟಿಗೆ ಬದಲಿಸುವುದು, ಏಕೆಂದರೆ ಟೈಪ್ ಮಾಡಿದ್ದು ಎ ಕ್ಲಾರಿನೆಟ್ ಹಾಳೆಯನ್ನೇ ತಾನೇ. ಹಾಗೆ ಮಾಡಿದರೆ ತಂತ್ರಾಂಶ ಇ ಫ್ಲ್ಯಾಟ್ ಮೇಜರ್ ನಾದವನ್ನು ಸರಿಯೆಂದೇ ನಂಬಿ, ಅದನ್ನು ಎ ವಾದ್ಯಕ್ಕೆ ಬರೆಯಲು ಹೋಗಿ ಹಾಳೆಯನ್ನು ಜಿ ಫ್ಲ್ಯಾಟ್ ಮೇಜರ್‌ಗೆ ತಂದು 6 ಫ್ಲ್ಯಾಟ್ ಹೊರಿಸುತ್ತದೆ. ನಾದ ಮಾತ್ರ ಇದ್ದಲ್ಲೇ ಇರುತ್ತದೆ. ಗಾಬರಿಯಾಗಿ ತಂತ್ರಾಂಶ ಕೆಟ್ಟಿದೆ ಎಂದುಕೊಳ್ಳುವುದು ಈ ಹಂತದಲ್ಲಿಯೇ. ತಂತ್ರಾಂಶ ತನಗೆ ಹೇಳಿದ್ದನ್ನು ತಪ್ಪಿಲ್ಲದೆ ಮಾಡಿದೆ.

ಸರಿಯಾದ ದಾರಿ ಹೀಗಿದೆ. ನಾದ 1 ಅರ್ಧಸ್ವರ ಮೇಲಿದೆ, ಆದ್ದರಿಂದ ಮೊದಲು ಅದನ್ನು ಕೆಳಗಿಳಿಸಬೇಕು. ಕ್ಲಾರಿನೆಟ್ ಸಾಲನ್ನು ಮಾತ್ರ ಮೊದಲ ಮಾತ್ರೆಯಿಂದ ಕೊನೆಯ ಮಾತ್ರೆಯವರೆಗೆ ಆರಿಸಿ, ಟೂಲ್ಸ್ ಮೆನುವಿನಲ್ಲಿರುವ ಟ್ರಾನ್ಸ್‌ಪೋಸ್ ತೆರೆದು, ಕ್ರೊಮ್ಯಾಟಿಕ್ ವಿಧಾನದಲ್ಲಿ, ಅಂತರದ ಪ್ರಕಾರ, ಕೆಳಕ್ಕೆ, ಮೈನರ್ ಸೆಕೆಂಡ್ (1 ಅರ್ಧಸ್ವರ) ಎಂದು ಕೊಡಬೇಕು. ಕೀ ಸಿಗ್ನೇಚರ್‌ಗಳನ್ನೂ ಬದಲಿಸುವ ಚೌಕಕ್ಕೆ ಗುರುತು ಇರಲೇಬೇಕು. ಇಲ್ಲದಿದ್ದರೆ 1 ಫ್ಲ್ಯಾಟ್ ಹಾಗೆಯೇ ಉಳಿದು ಪ್ರತಿ ಮಾತ್ರೆಯಲ್ಲೂ ಶಾರ್ಪ್ ಚಿಹ್ನೆಗಳು ಮುತ್ತಿಕೊಳ್ಳುತ್ತವೆ. ಈಗ ನಾದ ಡಿ ಮೇಜರ್, ಹಾಳೆ ಇ ಮೇಜರ್, ಆರಂಭದ ಸ್ವರಗಳು ಬಿ, ಇ, ಜಿ ಶಾರ್ಪ್. ಬಿ ಫ್ಲ್ಯಾಟ್ ವಾದಕರಿಗೆ ಕೆಲಸ ಮುಗಿಯಿತು. ಎ ವಾದ್ಯ ಇರುವವರಿಗೆ ಹಾಳೆ ಬೇಕಿದ್ದರೆ, ನಾದ ಸರಿಯಾದ ಮೇಲೆ ವಾದ್ಯದ ಆಯ್ಕೆಯನ್ನು ಬದಲಿಸಿದರೆ ಅದು ತಾನಾಗಿ ಎಫ್ ಮೇಜರ್‌ಗೆ ಬಂದು ನಿಲ್ಲುತ್ತದೆ.

ಕೊಳಲಿನ ಸಾಲಿನಲ್ಲಿ ಕೈಲೆಕ್ಕದಿಂದ ಬರೆದ ಪಾರ್ಟಿಗೂ ಇದೇ ಕ್ರಮ. ಹಾಳೆ ಇ ಮೇಜರ್‌ನಲ್ಲಿದ್ದು ಇ ಮೇಜರ್ ಆಗಿಯೇ ಕೇಳುತ್ತಿದ್ದರೆ, ಮೊದಲು ಮೇಜರ್ ಸೆಕೆಂಡ್ (2 ಅರ್ಧಸ್ವರ) ಕೆಳಗಿಳಿಸಿ ನಾದವನ್ನು ಡಿ ಮೇಜರ್‌ಗೆ ತನ್ನಿ. ಆಮೇಲೆ ವಾದ್ಯವನ್ನು ಬಿ ಫ್ಲ್ಯಾಟ್ ಕ್ಲಾರಿನೆಟ್ ಎಂದು ಬದಲಿಸಿ. ಹಾಳೆ ಮತ್ತೆ ಇ ಮೇಜರ್‌ಗೆ ಹಿಂತಿರುಗುತ್ತದೆ.

ಅದೇ ಅರ್ಧಸ್ವರ, ಎರಡು ಬರಹ

ಟ್ರಾನ್ಸ್‌ಪೋಸ್ ಕಿಟಕಿಯ ಪಟ್ಟಿಯಲ್ಲಿ 1 ಅರ್ಧಸ್ವರದ ಅಂತರ ಎರಡು ಹೆಸರಿನಲ್ಲಿ ಸಿಗುತ್ತದೆ: ಮೈನರ್ ಸೆಕೆಂಡ್ ಮತ್ತು ಆಗ್ಮೆಂಟೆಡ್ ಯೂನಿಸನ್. ಕಿವಿಗೆ ಎರಡೂ ಒಂದೇ, ಕಣ್ಣಿಗೆ ಅಲ್ಲ. ಮೊದಲನೆಯದು ಸ್ವರದ ಅಕ್ಷರವನ್ನು ಬದಲಿಸುತ್ತದೆ, ಎರಡನೆಯದು ಅಕ್ಷರವನ್ನು ಉಳಿಸಿಕೊಂಡು ಚಿಹ್ನೆಯನ್ನು ಬದಲಿಸುತ್ತದೆ. ಎಫ್ ಮೇಜರ್ ಹಾಳೆಯನ್ನು ಮೈನರ್ ಸೆಕೆಂಡ್ ಇಳಿಸಿದರೆ 4 ಶಾರ್ಪ್‌ಗಳ ಇ ಮೇಜರ್ ಸಿಗುತ್ತದೆ. ಆಗ್ಮೆಂಟೆಡ್ ಯೂನಿಸನ್ ಇಳಿಸಿದರೆ ಎಫ್ ಫ್ಲ್ಯಾಟ್ ಮೇಜರ್ ಎಂಬ, ಯಾರೂ ಓದಲು ಬಯಸದ ಬರಹದ ದಿಕ್ಕಿಗೆ ಹೋಗುತ್ತದೆ. ಮುದ್ರಣದಲ್ಲಿ ಡಬಲ್ ಫ್ಲ್ಯಾಟ್‌ಗಳು ಕಾರಣವಿಲ್ಲದೆ ಸಾಲುಗಟ್ಟಿದ್ದರೆ ಮೊದಲು ಶಂಕಿಸಬೇಕಾದದ್ದು ಈ ಆಯ್ಕೆಯನ್ನು.

ಹಾಗೆಂದು ಮೈನರ್ ಸೆಕೆಂಡ್ ಯಾವಾಗಲೂ ಸರಿಯೆಂದಲ್ಲ. ಎ ಕ್ಲಾರಿನೆಟ್ ಹಾಳೆಯಿಂದ ಬಿ ಫ್ಲ್ಯಾಟ್ ಹಾಳೆಗೆ ಬರುವಾಗ 5 ಶಾರ್ಪ್ ಕೂಡಿಸಿದಂತಾಗುತ್ತದೆ, ಅಥವಾ ಇನ್ನೊಂದು ದಾರಿಯಲ್ಲಿ 7 ಫ್ಲ್ಯಾಟ್ ಕೂಡಿಸಿದಂತಾಗುತ್ತದೆ. ಎ ಫ್ಲ್ಯಾಟ್ ಮೇಜರ್‌ನ 4 ಫ್ಲ್ಯಾಟ್‌ಗಳು ಜಿ ಮೇಜರ್‌ನ 1 ಶಾರ್ಪ್ ಆಗುತ್ತವೆ. ಇದು ಓದುವವರಿಗೆ ನಿರಾಳ. ಸಿ ಮೇಜರ್ ಬಿ ಮೇಜರ್ ಆಗಿ 5 ಶಾರ್ಪ್ ಹೊರುತ್ತದೆ. ಜಿ ಮೇಜರ್‌ಗೆ 6 ಶಾರ್ಪ್ ಅಥವಾ 6 ಫ್ಲ್ಯಾಟ್, ಯಾವುದಾದರೂ ಸರಿ. ಆದರೆ ಡಿ ಮೇಜರ್ ಹಾಳೆಗೆ ಮೈನರ್ ಸೆಕೆಂಡ್ ಕೊಟ್ಟರೆ 7 ಶಾರ್ಪ್‌ಗಳ ಸಿ ಶಾರ್ಪ್ ಮೇಜರ್ ಬರುತ್ತದೆ, ಆಗ್ಮೆಂಟೆಡ್ ಯೂನಿಸನ್ ಕೊಟ್ಟರೆ 5 ಫ್ಲ್ಯಾಟ್‌ಗಳ ಡಿ ಫ್ಲ್ಯಾಟ್ ಮೇಜರ್, ಎರಡನೆಯದೇ ಮೇಲು. ಎ ಮೇಜರ್ ಹಾಳೆಗಂತೂ 4 ಫ್ಲ್ಯಾಟ್‌ಗಳ ಎ ಫ್ಲ್ಯಾಟ್ ಮೇಜರ್ ಬಿಟ್ಟರೆ ಬೇರೆ ದಾರಿಯಿಲ್ಲ. ಬ್ರಾಹ್ಮ್ಸ್ 1891ರಲ್ಲಿ ಬರೆದ ಕ್ಲಾರಿನೆಟ್ ಕ್ವಿಂಟೆಟ್ ಎ ವಾದ್ಯಕ್ಕೆ ಡಿ ಮೈನರ್‌ನಲ್ಲಿದ್ದು 1 ಫ್ಲ್ಯಾಟ್ ಹೊಂದಿದೆ; ಅದೇ ಬಿ ಫ್ಲ್ಯಾಟ್ ವಾದ್ಯಕ್ಕೆ ಬಂದಾಗ ಸಿ ಶಾರ್ಪ್ ಮೈನರ್ ಆಗಿ 4 ಶಾರ್ಪ್ ಪಡೆಯುತ್ತದೆ. ವಾದಕರು ಎರಡೆರಡು ವಾದ್ಯಗಳನ್ನು ಹೊತ್ತು ತಿರುಗುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಟ್ರಾನ್ಸ್‌ಪೋಸ್ ಆದ ಮೇಲೆ ಕೆಲವು ಸ್ವರಗಳು ಮಾತ್ರ ಹಳೆಯ ಜಾಗದಲ್ಲೇ ಉಳಿದಿದ್ದರೆ ಆಯ್ಕೆಯ ಫಿಲ್ಟರನ್ನು ನೋಡಿ. ಅಲ್ಲಿ ಗ್ರೇಸ್ ನೋಟ್‌ಗಳ (ಅಲಂಕಾರದ ಚಿಕ್ಕ ಸ್ವರಗಳ) ಗುರುತು ತೆಗೆದಿದ್ದರೆ ಅವು ಆಯ್ಕೆಯೊಳಗೆ ಬರುವುದಿಲ್ಲ. ಹಾಳೆಯಲ್ಲಿ ಕಾರ್ಡ್‌ಗಳ ಹೆಸರುಗಳಿದ್ದರೆ ಅವನ್ನೂ ಬದಲಿಸುವ ಚೌಕಕ್ಕೆ ಗುರುತು ಹಾಕಬೇಕು.

ಹೆಸರು ಬದಲಾದರೆ ವಾದ್ಯ ಬದಲಾಗುವುದಿಲ್ಲ

ಸಾಲಿನ ಎಡಬದಿಯ ಹೆಸರನ್ನು "ಬಿ ಫ್ಲ್ಯಾಟ್ ಕ್ಲಾರಿನೆಟ್" ಎಂಬುದರಿಂದ "ಎ ಕ್ಲಾರಿನೆಟ್" ಎಂದು ತಿದ್ದಿದರೆ ತಂತ್ರಾಂಶಕ್ಕೆ ಅದು ಬರೀ ಅಕ್ಷರ. ಸ್ಟಾಫ್ ಅಥವಾ ಪಾರ್ಟ್ ಪ್ರಾಪರ್ಟೀಸ್ ಕಿಟಕಿಯಲ್ಲಿ ಹೆಸರಿನ ಖಾನೆ ಬೇರೆ, ಬರೆದ ಸ್ವರಕ್ಕೂ ಕೇಳುವ ಸ್ವರಕ್ಕೂ ಇರುವ ಅಂತರದ ಖಾನೆ ಬೇರೆ. ದೋಷ ಪತ್ತೆಯಲ್ಲಿ ಹೆಸರನ್ನು ನಂಬದೆ ಅಂತರದ ಖಾನೆಯನ್ನು ಓದಬೇಕು: ಬಿ ಫ್ಲ್ಯಾಟ್ ವಾದ್ಯಕ್ಕೆ ಮೇಜರ್ ಸೆಕೆಂಡ್ ಕೆಳಕ್ಕೆ, ಎ ವಾದ್ಯಕ್ಕೆ ಮೈನರ್ ಥರ್ಡ್ ಕೆಳಕ್ಕೆ, ಇ ಫ್ಲ್ಯಾಟ್ ವಾದ್ಯಕ್ಕೆ ಮೈನರ್ ಥರ್ಡ್ ಮೇಲಕ್ಕೆ.

ಕೃತಿಯ ನಡುವೆ ವಾದ್ಯ ಬದಲಾಗುವ ಕಡೆ ಇದೇ ದೋಷ ಇನ್ನೊಂದು ರೂಪದಲ್ಲಿ ಬರುತ್ತದೆ. ಬೀಥೋವನ್ನನ ಐದನೆಯ ಸಿಂಫನಿಯಲ್ಲಿ ಕ್ಲಾರಿನೆಟ್ಟುಗಳು ಬಿ ಫ್ಲ್ಯಾಟ್‌ನಲ್ಲಿ ಆರಂಭಿಸಿ ಕೊನೆಯ ಭಾಗದಲ್ಲಿ ಸಿ ವಾದ್ಯಕ್ಕೆ ಹೋಗುತ್ತವೆ. ಅಲ್ಲಿ "ಸಿ ವಾದ್ಯಕ್ಕೆ ಬದಲಿಸಿ" ಎಂದು ಸಾಮಾನ್ಯ ಸ್ಟಾಫ್ ಟೆಕ್ಸ್ಟ್ ಬರೆದರೆ ವಾದಕರಿಗೆ ಅರ್ಥವಾಗುತ್ತದೆ, ತಂತ್ರಾಂಶಕ್ಕೆ ಆಗುವುದಿಲ್ಲ. ಆ ಗೆರೆಯಿಂದ ಮುಂದೆ ಕಂಪ್ಯೂಟರ್ 2 ಅರ್ಧಸ್ವರ ಕೆಳಗೆ ನುಡಿಯುತ್ತದೆ. ದೋಷ ಒಂದು ನಿರ್ದಿಷ್ಟ ಮಾತ್ರೆಯಿಂದ ಶುರುವಾಗಿ ಅಲ್ಲಿಂದ ಕೊನೆಯವರೆಗೆ ಒಂದೇ ಪ್ರಮಾಣದಲ್ಲಿದ್ದರೆ ಕಾರಣ ಬಹುತೇಕ ಇದೇ. ಮ್ಯೂಸ್‌ಸ್ಕೋರ್‌ನ ಟೆಕ್ಸ್ಟ್ ಪ್ಯಾಲೆಟ್‌ನಲ್ಲಿ ವಾದ್ಯ ಬದಲಾವಣೆಗೆಂದೇ ಪ್ರತ್ಯೇಕ ಅಂಶವಿದೆ, ಅದನ್ನೇ ಬಳಸಬೇಕು. ಡೊರಿಕೊದಲ್ಲಿ ಒಬ್ಬ ವಾದಕರಿಗೆ ಎರಡು ವಾದ್ಯಗಳನ್ನು ಕೊಟ್ಟರೆ ಬದಲಾವಣೆಯ ಸೂಚನೆಯನ್ನು ಅದೇ ಹಾಕಿಕೊಳ್ಳುತ್ತದೆ. ಈ ವಿಷಯದಲ್ಲಿ ಅದರ ವ್ಯವಸ್ಥೆ ನನಗೆ ಹೆಚ್ಚು ಹಿಡಿಸುತ್ತದೆ.

ಬೇರೆಡೆಯಿಂದ ಬಂದ ಕಡತಗಳು

ಫಿನಾಲೆ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಅದರ ತಯಾರಕರು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಮೇಲೆ, ವರ್ಷಗಟ್ಟಲೆ ಕೂಡಿಟ್ಟ ಪಾರ್ಟ್‌ಗಳನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ವಿನಿಮಯ ಸ್ವರೂಪದ ಮೂಲಕ ಬೇರೆ ತಂತ್ರಾಂಶಗಳಿಗೆ ಸಾಗಿಸುವ ಕೆಲಸ ಎಲ್ಲೆಡೆ ನಡೆದಿದೆ. ಈ ಸ್ವರೂಪದಲ್ಲಿ ಟ್ರಾನ್ಸ್‌ಪೋಸ್ ಆಗುವ ವಾದ್ಯದ ಬರೆದ ಸ್ವರ ಉಳಿಯುತ್ತದೆ, ಕೇಳುವ ಸ್ವರಕ್ಕೆ ಎಷ್ಟು ಸರಿಯಬೇಕೆಂಬುದು ಪಕ್ಕದಲ್ಲಿ ಬೇರೆಯಾಗಿ ದಾಖಲಾಗುತ್ತದೆ. ಆ ದಾಖಲೆ ಬಿಟ್ಟುಹೋದರೆ ತೆರೆಯುವ ತಂತ್ರಾಂಶ ಆ ಸಾಲನ್ನು ಸಿ ವಾದ್ಯವೆಂದು ಓದುತ್ತದೆ. ಹಾಳೆ ಸರಿ, ನಾದ ತಪ್ಪು. ಕಡತವನ್ನು ಯಾವುದಾದರೂ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಟ್ರಾನ್ಸ್‌ಪೋಸ್ (transpose) ಎಂಬ ಪದವನ್ನು ಹುಡುಕಿದರೆ ಸಂಗತಿ ಕಣ್ಣಿಗೇ ಕಾಣುತ್ತದೆ. ಬಿ ಫ್ಲ್ಯಾಟ್ ಕ್ಲಾರಿನೆಟ್ಟಿಗೆ ಡಯಾಟೋನಿಕ್ (ಸ್ವರಾಕ್ಷರಗಳ ಲೆಕ್ಕದ) ಬೆಲೆ -1, ಕ್ರೊಮ್ಯಾಟಿಕ್ (ಅರ್ಧಸ್ವರಗಳ ಲೆಕ್ಕದ) ಬೆಲೆ -2. ಎ ಕ್ಲಾರಿನೆಟ್ಟಿಗೆ -2 ಮತ್ತು -3. ಇ ಫ್ಲ್ಯಾಟ್‌ಗೆ 2 ಮತ್ತು 3 ಇರಬೇಕು. ಎಂಎಕ್ಸ್‌ಎಲ್ ಎಂದು ಕೊನೆಗೊಳ್ಳುವ ಕಡತ ಸಂಕುಚಿತವಾದದ್ದು, ಅದನ್ನು ಜಿಪ್ ಕಡತದಂತೆ ಬಿಡಿಸಿ ತೆರೆಯಬೇಕು. ಮೂಲ ತಂತ್ರಾಂಶ ಇನ್ನೂ ಕೈಯಲ್ಲಿದ್ದರೆ, ಕಾನ್ಸರ್ಟ್ ನೋಟವನ್ನು ತೆಗೆದು ಮತ್ತೊಮ್ಮೆ ರಫ್ತು ಮಾಡಿ ನೋಡುವುದು ತಿದ್ದುಪಡಿಗಿಂತ ಸುಲಭ.

ಮಿಡಿ ಕಡತದ ಕಥೆ ಬೇರೆ. ಅದರಲ್ಲಿ ಬರೆದ ಸ್ವರ ಎಂಬುದೇ ಇಲ್ಲ, ಕೇಳುವ ಸ್ವರದ ಸಂಖ್ಯೆ ಮಾತ್ರ ಇದೆ. ನಡುವಿನ ಸಿ ಎಂದರೆ 60. ಆದ್ದರಿಂದ ನಾದ ಸಾಮಾನ್ಯವಾಗಿ ಸರಿಯಿರುತ್ತದೆ, ವಾದ್ಯವನ್ನು ಆರಿಸಿದರೆ ಸಾಕು. ಆದರೆ ಜಿ ಶಾರ್ಪ್ ಮತ್ತು ಎ ಫ್ಲ್ಯಾಟ್ ಎರಡಕ್ಕೂ ಒಂದೇ ಸಂಖ್ಯೆ ಇರುವುದರಿಂದ ಬರಹದ ಶುದ್ಧಿಯನ್ನು ಒಂದೊಂದು ಸಾಲನ್ನೂ ನೋಡಿ ತಿದ್ದಬೇಕಾಗುತ್ತದೆ. ಮುದ್ರಿತ ಹಾಳೆಯನ್ನು ಸ್ಕ್ಯಾನ್ ಮಾಡಿ ಓದಿಸಿದ ಕಡತಗಳಲ್ಲಿ "ಎ ಕ್ಲಾರಿನೆಟ್" ಎಂಬ ಶೀರ್ಷಿಕೆ ವಾದ್ಯದ ಗುಣಲಕ್ಷಣವಾಗಿ ಬಾರದೆ ಬರೀ ಪಠ್ಯವಾಗಿ ಬರುವುದುಂಟು. ಅಲ್ಲಿ ಮೇಲಿನ ಕ್ರಮದಂತೆ ಮೊದಲು 3 ಅರ್ಧಸ್ವರ ಇಳಿಸಿ, ಆಮೇಲೆ ವಾದ್ಯ ಬದಲಿಸಬೇಕು.

ಬೇಸ್ ಕ್ಲಾರಿನೆಟ್ಟಿನಲ್ಲಿ ಇಡೀ ಸ್ಥಾಯಿಯ ವ್ಯತ್ಯಾಸ ಕೇಳಿಬಂದರೆ ಕ್ಲೆಫ್ (ಗೆರೆಗಳ ಮೇಲಿನ ಸ್ವರಸ್ಥಾನವನ್ನು ನಿಗದಿಪಡಿಸುವ, ಸಾಲಿನ ಮೊದಲ ಚಿಹ್ನೆ) ನೋಡಿ. ಟ್ರೆಬಲ್ ಕ್ಲೆಫ್‌ನಲ್ಲಿ ಬರೆಯುವ ಫ್ರೆಂಚ್ ಪದ್ಧತಿಯಲ್ಲಿ ವಾದ್ಯ 14 ಅರ್ಧಸ್ವರ ಕೆಳಗೆ ನುಡಿಯುತ್ತದೆ, ಬೇಸ್ ಕ್ಲೆಫ್‌ನ ಜರ್ಮನ್ ಪದ್ಧತಿಯಲ್ಲಿ 2 ಅರ್ಧಸ್ವರ ಮಾತ್ರ. ವಾದ್ಯದ ಆಯ್ಕೆಯೂ ಹಾಳೆಯ ಪದ್ಧತಿಯೂ ಒಂದೇ ಆಗಿರಬೇಕು.

ನಾದ ಸರಿಯಾದರೂ ನುಡಿಸಲಾಗದ ಹಾಳೆ

ಲೆಕ್ಕವೆಲ್ಲ ಸರಿಯಾದ ಮೇಲೂ ವಾದಕರು ಹಾಳೆಯನ್ನು ಹಿಂತಿರುಗಿಸಬಹುದು. ಸಾಮಾನ್ಯ ಕ್ಲಾರಿನೆಟ್ಟಿನ ಅತಿ ಕೆಳಗಿನ ಬರೆದ ಸ್ವರ, ನಡುವಿನ ಸಿ ಗಿಂತ ಕೆಳಗಿರುವ ಇ. ಎ ಹಾಳೆಯಲ್ಲಿ ಆ ಇ ಇದ್ದು ಅದನ್ನು ಬಿ ಫ್ಲ್ಯಾಟ್‌ಗೆ ತಂದರೆ ಡಿ ಶಾರ್ಪ್ ಆಗುತ್ತದೆ, ಹೆಚ್ಚಿನ ವಾದ್ಯಗಳಲ್ಲಿ ಆ ಸ್ವರಕ್ಕೆ ಕೀಲಿಯೇ ಇಲ್ಲ. ಮ್ಯೂಸ್‌ಸ್ಕೋರ್ ವ್ಯಾಪ್ತಿ ಮೀರಿದ ಸ್ವರಗಳನ್ನು ಬಣ್ಣದಲ್ಲಿ ತೋರಿಸುವುದರಿಂದ ಕೆಂಪು ಸ್ವರಗಳನ್ನು ಹುಡುಕಿದರೆ ಸಾಕು. ಅಂಥ ಒಂದೇ ಸ್ವರವನ್ನು ಮೇಲಿನ ಸ್ಥಾಯಿಗೆ ಎತ್ತುವುದಕ್ಕಿಂತ, ಉಸಿರು ತೆಗೆದುಕೊಳ್ಳುವ ಜಾಗದಿಂದ ಮುಂದಿನ ಉಸಿರಿನವರೆಗಿನ ಇಡೀ ವಾಕ್ಯವನ್ನು ಎತ್ತುವುದು ಸಂಗೀತಕ್ಕೆ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಕೆ. 622ರಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಸ್ಟಾಡ್ಲರ್ ನುಡಿಸುತ್ತಿದ್ದ ಬ್ಯಾಸೆಟ್ ಕ್ಲಾರಿನೆಟ್ ಬರೆದ ಕೆಳಗಿನ ಸಿ ವರೆಗೆ ಇಳಿಯುತ್ತಿತ್ತು, ಆ ವಾದ್ಯಕ್ಕೆಂದು ಮರುರೂಪಿಸಿದ ಪಾಠಗಳೂ (ಆವೃತ್ತಿಗಳೂ) ಚಾಲ್ತಿಯಲ್ಲಿವೆ. ಕೆಂಪು ಸ್ವರಗಳು ಒಂದೆರಡಲ್ಲದೆ ಗುಂಪುಗುಂಪಾಗಿದ್ದರೆ ನೀವು ಹಿಡಿದಿರುವುದು ಆ ಪಾಠವಿರಬಹುದು; ಆಗ ತಿದ್ದುವುದನ್ನು ಬಿಟ್ಟು ಸಾಮಾನ್ಯ ಕ್ಲಾರಿನೆಟ್ಟಿನ ಪಾಠವನ್ನು ತೆಗೆದುಕೊಳ್ಳಿ.

ಬೆರಳುಗಳ ವಿಷಯವನ್ನು ಯಾವ ತಂತ್ರಾಂಶವೂ ಹೇಳುವುದಿಲ್ಲ. ಬೋಯೆಮ್ ಎಂಬ ಕೀಲಿ ಜೋಡಣೆಯ ಪದ್ಧತಿಯ ಸಾಮಾನ್ಯ ವಾದ್ಯದಲ್ಲಿ ಬಿ, ಸಿ, ಸಿ ಶಾರ್ಪ್ ಕೀಲಿಗಳು ಎರಡೂ ಕೈಗಳ ಕಿರುಬೆರಳಿಗೆ ಸಿಗುತ್ತವೆ, ಡಿ ಶಾರ್ಪ್ ಮಾತ್ರ ಬಲಗೈ ಕಿರುಬೆರಳಿಗೇ ಮೀಸಲು. ಎಫ್ ಮೇಜರ್‌ನಲ್ಲಿ ಎದುರಾಗದ ಈ ತೊಡಕು ಇ ಮೇಜರ್‌ನ ಬಿ, ಸಿ ಶಾರ್ಪ್, ಡಿ ಶಾರ್ಪ್ ಓಟದಲ್ಲಿ ತಲೆಯೆತ್ತುತ್ತದೆ: ಬಿ ಬಲಗೈಯಲ್ಲಿ, ಸಿ ಶಾರ್ಪ್ ಎಡಗೈಯಲ್ಲಿ, ಡಿ ಶಾರ್ಪ್ ಮತ್ತೆ ಬಲಗೈಯಲ್ಲಿ ಹಿಡಿಯದಿದ್ದರೆ ಬೆರಳು ಜಾರಿಸಬೇಕಾಗುತ್ತದೆ. ಅಂಥ ಕಡೆಗಳಲ್ಲಿ ಸ್ವರದ ಮೇಲೆ ಎಡ, ಬಲ ಎಂದು ಚಿಕ್ಕದಾಗಿ ಗುರುತಿಸಿ ಕೊಟ್ಟರೆ ಅಭ್ಯಾಸದ ಹೊತ್ತು ಉಳಿಯುತ್ತದೆ.

ಮುದ್ರಿಸುವ ಮುನ್ನ ಸ್ಕೋರಿನಲ್ಲಲ್ಲ, ಪಾರ್ಟನ್ನೇ ಬೇರೆಯಾಗಿ ತೆರೆದು ಕಾನ್ಸರ್ಟ್ ಪಿಚ್ ಗುಂಡಿ ಬಿಡಿಸಿದೆಯೇ ಎಂದು ನೋಡಿ. ಸಿಬೆಲಿಯಸ್‌ನಲ್ಲಿ ಇದರ ಅರ್ಥ ತಿರುಗಿದೆ: ಅಲ್ಲಿನ ಟ್ರಾನ್ಸ್‌ಪೋಸಿಂಗ್ ಸ್ಕೋರ್ ಗುಂಡಿ ಒತ್ತಿದ್ದರೇ ವಾದಕರು ಓದುವ ಬರಹ ಕಾಣುತ್ತದೆ. ಡೊರಿಕೊ ತಾನಾಗಿ ಪೂರ್ಣ ಸ್ಕೋರನ್ನು ಕಾನ್ಸರ್ಟ್ ಶ್ರುತಿಯಲ್ಲೂ ಪಾರ್ಟ್‌ಗಳನ್ನು ವಾದ್ಯದ ಶ್ರುತಿಯಲ್ಲೂ ತೋರಿಸುತ್ತದೆ, ಹಾಗಾಗಿ ಸ್ಕೋರಿನ ಪುಟವನ್ನೇ ಕ್ಲಾರಿನೆಟ್ ವಾದಕರ ಮುಂದಿಡಬಾರದು. ಹಾಳೆಯ ತಲೆಬರಹದಲ್ಲಿ ವಾದ್ಯದ ಶ್ರುತಿಯನ್ನೂ, ಮೂಲೆಯಲ್ಲಿ "ಮೊದಲ ಸ್ವರ ಪಿಯಾನೊದಲ್ಲಿ ಎ" ಎಂಬಂಥ ಒಂದು ಸಾಲನ್ನೂ ಬರೆದಿಟ್ಟರೆ, ಪಿಯಾನೊದ ಒಂದು ಕೀಲಿ ಒತ್ತಿದ ಮಾತ್ರಕ್ಕೆ ಹಾಳೆ ಸರಿಯೋ ತಪ್ಪೋ ಎಂದು ವಾದಕರೇ ಪರೀಕ್ಷಿಸಿಕೊಳ್ಳಬಹುದು.